ಮಂಡಕ್ಕಿ ಭಟ್ಟಿಯಲ್ಲಿ ಪಿಎಚ್‌ಡಿ ಆಗುತ್ತಾ?

ಪ್ರಶ್ನೆ: ಸರ್, ನಾನು ದಾವಣಗೆರೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ವಯಸ್ಸು 37. ಎಂ.ಟೆಕ್ ಮುಗಿದು 11 ವರ್ಷ ಆಯಿತು. ಈಗ ಪಾರ್ಟ್ ಟೈಮ್ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ. ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್, ಸಿಸ್ಟಮ್ಸ್ ಎಂಜಿನಿಯರಿಂಗ್ ಕಡೆ ನನಗೆ ಮನಸ್ಸು, ಅಂದರೆ ಒಂದು ಬಿಡಿ ಯಂತ್ರಕ್ಕಿಂತ ಇಡೀ ವ್ಯವಸ್ಥೆ ಹೇಗೆ ನಡೆಯುತ್ತೆ, ಅದನ್ನು ಹೇಗೆ ನಡೆಸಬೇಕು ಅನ್ನುವ ಕಡೆ. ಆದರೆ ವಿಭಾಗದ ಹಿರಿಯರು "ಅದು ಎಂಬಿಎದವರ ವಿಷಯ, ಲ್ಯಾಬೇ ಬೇಡದ ಪಿಎಚ್‌ಡಿ, ನಾಳೆ ಬಡ್ತಿಗೆ ತೊಂದರೆ ಆಗುತ್ತೆ" ಅಂತಾರೆ. ಬೆಂಗಳೂರಿನ ಸ್ನೇಹಿತೆ "ಸಿಸ್ಟಮ್ಸ್ ಅಂದ್ರೆ ರಾಕೆಟ್, ವಿಮಾನ. ದಾವಣಗೆರೇಲಿ ಏನಿದೆ, ಮಂಡಕ್ಕಿ ಭಟ್ಟಿನಾ?" ಅಂದಳು. ಇನ್ನೊಬ್ಬರು "ಒಂದು ಪ್ರಶ್ನಾವಳಿ ಮಾಡಿ, 200 ಜನರ ಹತ್ತಿರ ತುಂಬಿಸಿ, ಸಾಫ್ಟ್‌ವೇರ್‌ಗೆ ಹಾಕಿ, ಮೂರು ವರ್ಷಕ್ಕೆ ಮುಗಿಯುತ್ತೆ. ದುಡ್ಡು ಕೊಟ್ಟರೆ ಪೇಪರ್ ಹಾಕಿಸಿಕೊಡೋರೂ ಇದ್ದಾರೆ" ಅಂದರು. ಮನೆಯಲ್ಲಿ ಎರಡನೇ ಕ್ಲಾಸಿನ ಮಗಳಿದ್ದಾಳೆ, ಅತ್ತೆಗೆ ಆರೋಗ್ಯ ಸರಿಯಿಲ್ಲ. ಊರು ಬಿಡೋಕೆ ಆಗಲ್ಲ. ಇಲ್ಲೇ ಇದ್ದು ಮಾಡಿದ ಸಂಶೋಧನೆಗೆ ಬೆಲೆ ಇರುತ್ತಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಒಳಗೆ ಕೊರೆಯುತ್ತಿರುವುದು ಒಂದೇ ಅಂತ ನನಗೆ ಅನಿಸಿತು. ಮನೆ, ಕ್ಲಾಸು, ಕಾಲೇಜಿನ ನ್ಯಾಕ್ ಮೌಲ್ಯಮಾಪನದ ಫೈಲು ಎಲ್ಲದರ ನಡುವೆ ಐದಾರು ವರ್ಷ ಒದ್ದಾಡಿ, ಕೊನೆಗೆ ಅದು ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸ ಆಗಿಬಿಟ್ಟರೆ ಅನ್ನುವ ಭಯ. ಆ ಭಯ ಸುಮ್ನೆ ಬಂದದ್ದಲ್ಲ. ಹಾಗೆ ಆದವರನ್ನು ನಾನು ನೋಡಿದ್ದೇನೆ. ಆದರೆ ಅವರು ಎಡವಿದ್ದು ಊರಿನಿಂದ ಅಲ್ಲ. ಪ್ರಶ್ನೆಯನ್ನು ಆರಿಸಿಕೊಂಡ ರೀತಿಯಲ್ಲಿ.

ನಿಮ್ಮ ಸ್ನೇಹಿತೆಯ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಅವರು ತಮಗೆ ಗೊತ್ತಿಲ್ಲದೇ ಒಳ್ಳೆಯ ವಿಷಯ ಕೊಟ್ಟಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಬ್ಬ ಎಂ.ಟೆಕ್ ಹುಡುಗನ ಪ್ರಾಜೆಕ್ಟ್‌ಗಾಗಿ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಗೆ ತಿಂಗಳುಗಟ್ಟಲೆ ಹೋಗಿ ಬಂದೆ. ಬೆಳಗಿನ ಜಾವ ನಾಲ್ಕಕ್ಕೇ ಒಲೆ ಹೊತ್ತಿರುತ್ತಿತ್ತು. ಕಾದ ಮರಳಿಗೆ ಅಕ್ಕಿ ಬೀಳುತ್ತಿದ್ದ ಹಾಗೆ ಚಟಚಟ ಅಂತ ಅರಳಿ ಮೇಲೇಳುತ್ತಿತ್ತು. ಜರಡಿ ಹಿಡಿದವರ ಕೈ ಒಂದು ಕ್ಷಣ ನಿಲ್ಲುವ ಹಾಗಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಭಟ್ಟಿ ಅಂದರೆ ಅದೇ ಒಲೆ. ಮಾಲೀಕರಿಗೂ ಹಾಗೇ ಅನಿಸಿತ್ತು. ಸಾಲ ಮಾಡಿ ಇನ್ನೊಂದು ಒಲೆ ಹಾಕಿಸಬೇಕು ಅಂತ ಬ್ಯಾಂಕಿಗೆ ಓಡಾಡುತ್ತಿದ್ದರು.

ಆದರೆ ಮಂಡಕ್ಕಿ ಒಲೆಯಲ್ಲಿ ಶುರುವಾಗುವುದಿಲ್ಲ. ಭತ್ತ ನೆನೆಯಬೇಕು, ಬಿಸಿ ಕಾಣಬೇಕು, ಅಂಗಳದಲ್ಲಿ ಒಣಗಬೇಕು, ಗಿರಣಿಗೆ ಹೋಗಿ ಹೊಟ್ಟು ಬಿಡಬೇಕು, ಉಪ್ಪು ಹಿಡಿಯಬೇಕು. ಆಮೇಲೆ ಒಲೆ. ಹುಡುಗ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾ ಬೆಳಗ್ಗೆ ಪ್ರತಿ ಹಂತದಲ್ಲಿ ಎಷ್ಟು ಚೀಲ ನಿಂತಿವೆ ಅಂತ ಎಣಿಸಿದ. ನೆನೆಹಾಕುವ ತೊಟ್ಟಿಯಿಂದ ಒಲೆಯ ಬಾಯಿಯವರೆಗೆ ಸರಾಸರಿ 90 ಚೀಲ. ದಿನಕ್ಕೆ ಒಲೆ ದಾಟಿ ಹೋಗುತ್ತಿದ್ದದ್ದು 30. ಅಂದರೆ ಇವತ್ತು ನೆನೆಹಾಕಿದ ಭತ್ತ ಮಂಡಕ್ಕಿ ಆಗುವುದಕ್ಕೆ 3 ದಿನ. ಇದು ಜಾನ್ ಲಿಟ್ಲ್ ಎನ್ನುವವರು 1961ರಲ್ಲಿ ಗಣಿತದಲ್ಲಿ ಸಾಧಿಸಿ ತೋರಿಸಿದ ಸೂತ್ರ. ಒಳಗೆ ಇರುವ ಸರಕನ್ನು ದಿನದ ಹೊರಹರಿವಿನಿಂದ ಭಾಗಿಸಿದರೆ ಸರಕು ಒಳಗೆ ಕಳೆಯುವ ಸಮಯ ಸಿಗುತ್ತದೆ. ಮಾಲೀಕರು ಮಾತ್ರ "ಒಂದೇ ದಿನದ ಕೆಲಸ ಸರ್" ಅಂತ ನಂಬಿದ್ದರು.

ಮಳೆ ಹಿಡಿದ ವಾರ ಲೆಕ್ಕ ಬೇರೆಯೇ ಆಯಿತು. ಒಲೆ ಅರ್ಧ ದಿನ ಖಾಲಿ. ಅಂಗಳದಲ್ಲಿ ತಾಡಪಾಲಿನ ಕೆಳಗೆ ಭತ್ತ ಒಣಗದೆ ಕೂತಿತ್ತು. ಆಗ ಅವರೇ ಅಂದರು: "ಒಲೆ ಇನ್ನೊಂದು ಹಾಕಿ ಏನ್ಮಾಡೋದು ಸರ್, ಅಂಗಳ ಅಷ್ಟೇ ಐತಲ್ಲ." ನಾವು ಹೇಳುವ ಮೊದಲೇ ಅವರ ಬಾಯಲ್ಲಿ ಬಂತು. ಬೇಸಿಗೆಯಲ್ಲಿ ಒಲೆ ಕಟ್ಟಿಹಾಕುತ್ತದೆ, ಮಳೆಗಾಲದಲ್ಲಿ ಅಂಗಳ. ಇಡೀ ಕೆಲಸದ ವೇಗವನ್ನು ಒಂದೇ ಇಕ್ಕಟ್ಟಿನ ಜಾಗ ನಿರ್ಧರಿಸುತ್ತದೆ ಅನ್ನುವುದನ್ನು ಎಲಿಯಾಹು ಗೋಲ್ಡ್‌ರಾಟ್ 1980ರ ದಶಕದಲ್ಲಿ ಜಗತ್ತಿಗೆಲ್ಲ ಹೇಳಿದರು. ಆದರೆ ಆ ಇಕ್ಕಟ್ಟು ಮೋಡ ನೋಡಿಕೊಂಡು ಜಾಗ ಬದಲಾಯಿಸಿದರೆ? ಜೀವನದಲ್ಲಿ ಒಂದೇ ಸಲ ಸಾಲ ಮಾಡಬಲ್ಲ ಮಾಲೀಕ ಆ ದುಡ್ಡನ್ನು ಎಲ್ಲಿ ಹಾಕಬೇಕು, ಒಲೆಗಾ, ಡ್ರೈಯರ್‌ಗಾ, ಶೀಟಿನ ಚಾವಣಿಗಾ? ಇದು ಸರಿಯಾದ ಸಂಶೋಧನಾ ಪ್ರಶ್ನೆ. ಎಂ.ಟೆಕ್ ಪ್ರಾಜೆಕ್ಟಿನಲ್ಲಿ ಅದರ ಅಂಚನ್ನಷ್ಟೇ ಮುಟ್ಟಿದೆವು. ಉಳಿದದ್ದು ಅಲ್ಲೇ ಇದೆ.

ರಾಕೆಟ್ ವಿಷಯಕ್ಕೆ ಬಂದರೆ, ಸಿಸ್ಟಮ್ಸ್ ಎಂಜಿನಿಯರಿಂಗ್ ಅನ್ನುವ ಮಾತು 1940ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಟೆಲಿಫೋನ್ ಕೆಲಸದಿಂದ ಬಂತು. ಕ್ಷಿಪಣಿ, ಬಾಹ್ಯಾಕಾಶ ಅದನ್ನು ಬೆಳೆಸಿದವು ನಿಜ. ನಮ್ಮ ಪಕ್ಕದಲ್ಲೂ ಅದಿದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆ ಆಯಿತು. ಆದರೆ ಅಂಥ ಕಡೆಯ ಮಾಹಿತಿ ಹೊರಗಿನವರ ಕೈಗೆ ಸುಲಭಕ್ಕೆ ಬರುವುದಿಲ್ಲ, ಬೆಂಗಳೂರಲ್ಲಿ ಇದ್ದರೂ ಅಷ್ಟೇ. ನಿಮ್ಮ ಸ್ನೇಹಿತೆ ಈ ಭಾಗ ಹೇಳಲಿಲ್ಲ. ದೊಡ್ಡ ಕಂಪನಿಯ ನಂಬಿಕೆಯ ಮೇಲೆ ವಿಷಯ ನೋಂದಾಯಿಸಿ, ಎರಡನೇ ವರ್ಷ ಅಲ್ಲಿನ ಮ್ಯಾನೇಜರ್ ಬದಲಾಗಿ, ಡೇಟಾ ಬಾಗಿಲು ಮುಚ್ಚಿ ಅಳುತ್ತಾ ಕೂತವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ನಿಮಗೆ ಬೇಕಾದದ್ದು ದೊಡ್ಡ ಹೆಸರಲ್ಲ. ವಾರಕ್ಕೆ ಎರಡು ಸಲ ಹೋಗಿ ನಿಂತು ನೋಡಬಹುದಾದ ಜಾಗ.

ಇನ್ನು "ಎಂಬಿಎದವರ ವಿಷಯ" ಅನ್ನುವ ಮಾತು. ಈ ಕ್ಷೇತ್ರಕ್ಕೆ ಎಂಜಿನಿಯರುಗಳದ್ದೇ ಸಂಶೋಧನಾ ಪತ್ರಿಕೆ 1954ರಿಂದ ಇದೆ, ಈಗ ಅದನ್ನು ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ ಐಇಇಇ ನಡೆಸುತ್ತದೆ. ಐಐಟಿ ಖರಗ್‌ಪುರದಲ್ಲಿ ಇಂಡಸ್ಟ್ರಿಯಲ್ ಆ್ಯಂಡ್ ಸಿಸ್ಟಮ್ಸ್ ಎಂಜಿನಿಯರಿಂಗ್ ಅನ್ನುವ ವಿಭಾಗವೇ ಇದೆ. ಒಂದು ವ್ಯವಸ್ಥೆ ಹುಟ್ಟುವ ಯೋಚನೆಯಿಂದ ಹಿಡಿದು ಕೊನೆಗೆ ಕಳಚಿ ಹಾಕುವವರೆಗೆ ಏನೇನು ಆಗಬೇಕು ಅನ್ನುವುದಕ್ಕೆ 2002ರಿಂದ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 15288 ಅಂತ. 2023ರಲ್ಲಿ ಅದು ಪರಿಷ್ಕರಣೆ ಆಯಿತು. ಹಿರಿಯರ ಅನುಮಾನಕ್ಕೂ ಕಾರಣ ಇದೆ. ಈ ಹೆಸರಲ್ಲಿ ತೆಳ್ಳಗಿನ ಕೆಲಸ ಜಾಸ್ತಿ ಬಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಡ್ತಿಯ ಮಾತನ್ನು ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಡ್ತಿಗೆ ಸಂಬಂಧಪಟ್ಟ ವಿಷಯದಲ್ಲಿ ಪಿಎಚ್‌ಡಿ ಇರಬೇಕು ಅಂತ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮ ಇದೆ. ನಿಮ್ಮ ಸರ್ಟಿಫಿಕೇಟಿನಲ್ಲಿ ಮ್ಯಾನೇಜ್‌ಮೆಂಟ್ ನಿಕಾಯ ಅಂತ ಬಂದರೆ ಮೆಕ್ಯಾನಿಕಲ್ ವಿಭಾಗದಲ್ಲಿ ನಾಳೆ ಯಾರಾದರೂ ಬೆರಳು ತೋರಿಸಬಹುದು. ಆದ್ದರಿಂದ ವಿಷಯ ಇದೇ ಇರಲಿ, ನೋಂದಣಿ ಮಾತ್ರ ಮೆಕ್ಯಾನಿಕಲ್ ಅಥವಾ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕೆಳಗೆ ಆಗಲಿ. ಅರ್ಜಿ ಹಾಕುವ ಮೊದಲೇ ಸಂಶೋಧನಾ ಕೇಂದ್ರದಲ್ಲಿ ಇದನ್ನು ಕೇಳಿ, ಬಾಯಿಮಾತಿನಲ್ಲಿ ಬೇಡ, ಪತ್ರದಲ್ಲಿ. ನಿಮ್ಮ ಪ್ರಿನ್ಸಿಪಾಲರ ಕಡೆಯಿಂದಲೂ ಹಾಗೆಯೇ. ಒಂದು ಪುಟದ ಪತ್ರ ಮುಂದಿನ ಹತ್ತು ವರ್ಷದ ವಾದ ತಪ್ಪಿಸುತ್ತದೆ.

ಈಗ ಆ ಪ್ರಶ್ನಾವಳಿ ಸಲಹೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಈ ಕ್ಷೇತ್ರದ ಪ್ರಬಂಧಗಳು ಜಾಸ್ತಿ ಹಾಳಾಗಿರುವುದು ಇಲ್ಲೇ.

ನಮ್ಮಲ್ಲಿ ಚಾಲ್ತಿಯಲ್ಲಿರುವ ದಾರಿ ಹೀಗಿದೆ. ಹಳೆಯ ಪೇಪರುಗಳಿಂದ "ಸಣ್ಣ ಕೈಗಾರಿಕೆಗಳಲ್ಲಿ ಅಮುಕ ತಂತ್ರಜ್ಞಾನಕ್ಕೆ ಇರುವ ಅಡೆತಡೆಗಳು" ಅಂತ ಹದಿನೈದು ಸಾಲಿನ ಪಟ್ಟಿ ಮಾಡುವುದು. ಹತ್ತು ತಜ್ಞರನ್ನು ಕೂರಿಸಿ ಯಾವುದು ಯಾವುದಕ್ಕಿಂತ ಮುಖ್ಯ ಅಂತ ಅಂಕ ಹಾಕಿಸುವುದು. ಹಲವು ಅಂಶಗಳನ್ನು ತೂಗಿ ನೋಡುವ ಎಎಚ್‌ಪಿ ಅಥವಾ ಟಾಪ್ಸಿಸ್ ಲೆಕ್ಕ ಓಡಿಸಿ ಒಂದು, ಎರಡು, ಮೂರು ಅಂತ ಶ್ರೇಣಿ ಕೊಡುವುದು. ಮೊದಲ ಸ್ಥಾನ ಸಾಮಾನ್ಯವಾಗಿ ಬಂಡವಾಳದ ಕೊರತೆಗೆ ಸಿಗುತ್ತದೆ. ಅದನ್ನು ತಿಳಿಯಲು ಪಿಎಚ್‌ಡಿ ಬೇಕಿರಲಿಲ್ಲ, ಅಲ್ವಾ?

ತಪ್ಪು ಆ ವಿಧಾನದ್ದಲ್ಲ. 1970ರ ದಶಕದಲ್ಲಿ ಥಾಮಸ್ ಸಾಟಿ ಎಎಚ್‌ಪಿ ರೂಪಿಸಿದ್ದು ನಿರ್ಧಾರ ತೆಗೆದುಕೊಳ್ಳಬೇಕಾದವರಿಗಾಗಿ. ನನ್ನ ಮುಂದೆ ಮೂರು ಯಂತ್ರಗಳಿವೆ, ಬೆಲೆ, ಬಾಳಿಕೆ, ರಿಪೇರಿ ಎಲ್ಲವನ್ನೂ ತೂಗಿ ಒಂದನ್ನು ಆರಿಸಬೇಕು ಅನ್ನುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜಗತ್ತಿನಲ್ಲಿ ಏನು ನಡೆಯುತ್ತಿದೆ ಅಂತ ಕಂಡುಹಿಡಿಯುವ ಉಪಕರಣ ಅದಲ್ಲ. ಅದರಲ್ಲಿ ಸುಸಂಗತತೆಯ ಅನುಪಾತ 0.1ಕ್ಕಿಂತ ಕಡಿಮೆ ಬಂದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆ ಸಂಖ್ಯೆ ಹೇಳುವುದು ಇಷ್ಟೇ, ಉತ್ತರ ಕೊಟ್ಟವರು ತಮ್ಮ ಮಾತಿಗೆ ತಾವೇ ಅಡ್ಡ ಬಂದಿಲ್ಲ. ಅವರು ಹೇಳಿದ್ದು ನಿಜವೋ ಅಲ್ಲವೋ ಅಂತ ಅದಕ್ಕೆ ಗೊತ್ತಿಲ್ಲ. ಪ್ರಶ್ನಾವಳಿಗಳ ಕ್ರೋನ್‌ಬ್ಯಾಕ್ ಆಲ್ಫಾ ಕೂಡ ಹಾಗೇ. 0.7 ದಾಟಿತು ಅಂದರೆ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ ಅಂತ ಮಾತ್ರ.

ಒಮ್ಮೆ ಪರೀಕ್ಷಕನಾಗಿ ಹೋದಾಗ ಮೂಲ ಫಾರಂಗಳನ್ನು ತರಿಸಿ ನೋಡಿದೆ. ಸಣ್ಣ ಕಾರ್ಖಾನೆಗಳ ಮಾಲೀಕರು ತುಂಬಿದ್ದು ಅಂತ ಇತ್ತು. ನಲವತ್ತು ಫಾರಂ ಒಂದೇ ಪೆನ್ನು, ಒಂದೇ ಕೈಬರಹ. ಹುಡುಗ ತಲೆ ತಗ್ಗಿಸಿ ನಿಂತ. "ಯಾರೂ ತುಂಬಿಕೊಡಲಿಲ್ಲ ಸರ್, ಗೈಡ್ ಗಡುವು ಕೊಟ್ಟಿದ್ದರು" ಅಂದ. ನನಗೆ ಸಿಟ್ಟಿಗಿಂತ ಸಂಕಟ ಆಯಿತು. ಐದು ವರ್ಷ ಕಳೆದಿದ್ದ. ಆದರೂ ಒಬ್ಬ ಮಾಲೀಕನ ಹತ್ತಿರ ಅರ್ಧ ದಿನ ಕೂತಿರಲಿಲ್ಲ. ವಾಟ್ಸಾಪಿನಲ್ಲಿ ಗೂಗಲ್ ಫಾರಂ ಕಳಿಸಿದರೂ ಇದೇ ಆಗುತ್ತದೆ, ಕೈಬರಹ ಕಾಣುವುದಿಲ್ಲ ಅಷ್ಟೇ. ಜನರನ್ನು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಎದುರು ಕೂತು ಕೇಳಿ, ಅವರ ಭಾಷೆಯಲ್ಲಿ ಕೇಳಿ. ಭಟ್ಟಿಗಳ ಕಡೆ ಕನ್ನಡದಷ್ಟೇ ಉರ್ದು ಬೇಕಾಗುತ್ತದೆ. ಕೇಳಿದ್ದನ್ನು ಎಣಿಸಿದ ಚೀಲದ ಜತೆ ಹೋಲಿಸಿ. ಒಂದೇ ದಿನದ ಕೆಲಸ ಅನ್ನುವ ಮಾತಿಗೂ ಮೂರು ದಿನದ ಲೆಕ್ಕಕ್ಕೂ ನಡುವೆ ಇರುವ ಆ ಅಂತರದಲ್ಲೇ ನಿಮ್ಮ ಅಧ್ಯಾಯಗಳು ಹುಟ್ಟುತ್ತವೆ.

ಹಾಗಾದರೆ ಮುಂದೆ ಯಾವ ದಾರಿಗಳಿವೆ?

ನನ್ನ ಮನಸ್ಸಿಗೆ ಮೊದಲು ಬರುವುದು ಭಟ್ಟಿಗಳೇ. ಒಂದೇ ಭಟ್ಟಿ ಹಿಡಿದರೆ "ಇದು ಇನ್ನೊಂದು ಕಡೆಗೆ ಅನ್ವಯ ಆಗುತ್ತಾ" ಅಂತ ಪರೀಕ್ಷಕರು ಕೇಳೇ ಕೇಳುತ್ತಾರೆ. ಪ್ರಕರಣ ಅಧ್ಯಯನದಿಂದ ಸಿದ್ಧಾಂತ ಕಟ್ಟುವ ಬಗ್ಗೆ ಕ್ಯಾಥ್ಲೀನ್ ಐಸೆನ್‌ಹಾರ್ಟ್ 1989ರಲ್ಲಿ ಬರೆದ ಲೇಖನದಲ್ಲಿ 4ರಿಂದ 10 ಪ್ರಕರಣ ಸಾಮಾನ್ಯವಾಗಿ ಸಾಕು ಅಂದಿದ್ದಾರೆ. ಆರು ಭಟ್ಟಿ ಇಟ್ಟುಕೊಳ್ಳಿ. ಅಂಗಳ ದೊಡ್ಡದಿರುವುದು ಎರಡು, ಚಿಕ್ಕದು ಎರಡು, ಗಿರಣಿ ಸ್ವಂತ ಇರುವುದು, ಇಲ್ಲದಿರುವುದು. ಬೇಕೆಂದೇ ಬೇರೆಬೇರೆ ಥರದವು ಇರಲಿ. ಎಣಿಸಿದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಮ್‌ಪೈ ಅನ್ನುವ ಉಚಿತ ಲೈಬ್ರರಿ ಇದೆ, ಲಕ್ಷ ರೂಪಾಯಿಯ ಸಾಫ್ಟ್‌ವೇರ್ ಬೇಡ. ಮಳೆಯ ದಿನಗಳನ್ನು ಹಾಕಿ, ಡ್ರೈಯರ್ ಹಾಕಿದರೆ ಏನಾಗುತ್ತದೆ, ಚಾವಣಿ ಹಾಕಿದರೆ ಏನಾಗುತ್ತದೆ ಅಂತ ಓಡಿಸಿ ನೋಡಬಹುದು. ನಿಮ್ಮ ಹಿರಿಯರು ಕೇಳುವ ಗಣಿತ, ಲ್ಯಾಬು ಎರಡೂ ಅದರಲ್ಲಿ ಬಂತು.

ಇಲ್ಲಿ ದೊಡ್ಡ ಅಪಾಯ ಇರುವುದು ಗಣಿತದಲ್ಲಿ ಅಲ್ಲ, ಜನರ ವಿಷಯದಲ್ಲಿ. ಭಟ್ಟಿಗಳಲ್ಲಿ ಹಳೆ ಟೈರ್ ಸುಡುವ ದೂರು ಬಹಳ ಹಿಂದಿನಿಂದ ಇದೆ. ಕೂಲಿ, ಹೊಗೆ, ಕೆಲಸಗಾರರ ಕೆಮ್ಮು ಎಲ್ಲ ನಿಮ್ಮ ಕಣ್ಣಿಗೆ ಬೀಳುತ್ತದೆ. ಅದನ್ನು ಬರೆದರೆ ನಿಮ್ಮನ್ನು ಒಳಗೆ ಬಿಟ್ಟವರಿಗೆ ತೊಂದರೆ, ಬರೆಯದಿದ್ದರೆ ಸಂಶೋಧನೆ ಅರ್ಧ ಸುಳ್ಳು. ಹೆಸರು, ಜಾಗ ಬಯಲಾಗದ ಹಾಗೆ ಬರೆಯುತ್ತೇನೆ, ಆದರೆ ಕಂಡದ್ದನ್ನು ಬಿಡುವುದಿಲ್ಲ ಅಂತ ಮೊದಲ ದಿನವೇ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ. ಒಪ್ಪದವರನ್ನು ಬಿಟ್ಟುಬಿಡಿ. ನಡುವೆ ಕೈಬಿಡುವವರೂ ಇರುತ್ತಾರೆ, ಅದಕ್ಕೇ ಆರಕ್ಕೆ ಎಂಟು ಜನರನ್ನು ಮಾತಾಡಿಸಿಟ್ಟುಕೊಳ್ಳಿ.

ಎರಡನೇ ದಾರಿ ಭದ್ರಾ ಕಾಲುವೆ. ಲಕ್ಕವಳ್ಳಿಯಲ್ಲಿ 186 ಅಡಿಯ ಅಣೆಕಟ್ಟೆ ತುಂಬಿದರೂ ದಾವಣಗೆರೆ, ಹರಿಹರ ಕಡೆಯ ಕೊನೆಯಂಚಿನ ರೈತರಿಗೆ ನೀರು ತಲುಪಲಿಲ್ಲ ಅನ್ನುವ ಸುದ್ದಿ ಓದದ ವರ್ಷ ಇಲ್ಲ. ಮೇಲಿನವರು ಪಂಪ್ ಹಾಕುತ್ತಾರೆ, ಕೆಳಗಿನವರು ಧರಣಿ ಕೂರುತ್ತಾರೆ, ಅಧಿಕಾರಿಗಳು ಗೇಟು ಜಾಸ್ತಿ ಎತ್ತುತ್ತಾರೆ, ಆಗ ಮೇಲಿನವರ ಪಂಪೂ ಜಾಸ್ತಿ ಆಗುತ್ತದೆ. ಹೀಗೆ ಪರಿಣಾಮ ತಿರುಗಿ ಬಂದು ಕಾರಣವನ್ನೇ ಹೆಚ್ಚಿಸುವ ಸುತ್ತುಗಳನ್ನು ಲೆಕ್ಕಕ್ಕೆ ತರುವ ಸಿಸ್ಟಮ್ ಡೈನಾಮಿಕ್ಸ್ ವಿಧಾನವನ್ನು ಜೇ ಫಾರೆಸ್ಟರ್ ಎಂಐಟಿಯಲ್ಲಿ 1950ರ ದಶಕದಲ್ಲಿ ಕಟ್ಟಿದರು. ವಿಷಯ ಬಲು ಶ್ರೀಮಂತ. ಆದರೆ ಇದರಲ್ಲಿ ರಾಜಕೀಯ ಬೆರೆತಿದೆ, ಕಾಲುವೆ ಉದ್ದಕ್ಕೂ ಓಡಾಟ ಬೇಕು. ನಿಮ್ಮ ಮನೆಯ ಪರಿಸ್ಥಿತಿ ನೋಡಿದರೆ ನಾನು ಇದನ್ನು ಒತ್ತಾಯ ಮಾಡುವುದಿಲ್ಲ.

ಮೂರನೆಯದು ಟೇಬಲ್ ಮೇಲೆ ಮಾಡಬಹುದಾದದ್ದು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ 2011–12ರಲ್ಲಿ ಮಂಜೂರಾಯಿತು. ಚಿತ್ರದುರ್ಗದವರನ್ನು ಕೇಳಿ, ಆ ಕಾಯುವಿಕೆ ಏನು ಅಂತ ಹೇಳುತ್ತಾರೆ. ಭೂಸ್ವಾಧೀನ ತಡವಾದರೆ ಟೆಂಡರ್ ತಡ, ಟೆಂಡರ್ ತಡವಾದರೆ ಅಂದಾಜು ಹಳತಾಗುತ್ತದೆ, ಅಂದಾಜು ಬದಲಾದರೆ ಮತ್ತೆ ಮಂಜೂರಾತಿ. ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ ಅಂತ ಚೌಕಟ್ಟಿನ ಕೋಷ್ಟಕದಲ್ಲಿ ಇಟ್ಟು ನೋಡುವ ವಿಧಾನವನ್ನು ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಪ್ರಕಟಿಸಿದರು. ದೊಡ್ಡ ಕೇಂದ್ರ ಯೋಜನೆಗಳ ವಿಳಂಬ, ವೆಚ್ಚದ ವರದಿಗಳನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯ ಪ್ರಕಟಿಸುತ್ತದೆ, ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಇದೆ. ರಾತ್ರಿ ಮಗಳು ಮಲಗಿದ ಮೇಲೆ ಮಾಡಬಹುದಾದ ಕೆಲಸ. ಕಾಗದದಲ್ಲಿ ಬರೆದ ಕಾರಣ ಬೇರೆ, ನಿಜವಾದ ಕಾರಣ ಬೇರೆ ಇರಬಹುದು ಅನ್ನುವುದೇ ಇದರ ತೊಂದರೆ. ನಿವೃತ್ತ ಎಂಜಿನಿಯರುಗಳನ್ನು ಹುಡುಕಿ ಮಾತಾಡಿಸಬೇಕಾಗುತ್ತದೆ.

ಸಮಯದ ಬಗ್ಗೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಪಾರ್ಟ್ ಟೈಮ್‌ಗೆ ಅವಕಾಶ ಇದೆ, ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು. ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ 2 ವರ್ಷ ಸಿಗುತ್ತದೆ, ಮಹಿಳೆಯರಿಗೆ ಅದರ ಮೇಲೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಪಾಠ ಮಾಡುತ್ತಾ, ಮನೆ ನೋಡುತ್ತಾ ಮೂರು ವರ್ಷಕ್ಕೆ ಮುಗಿಯುತ್ತದೆ ಅಂದವರನ್ನು ನಂಬಬೇಡಿ. ಐದು ಅಂತ ಇಟ್ಟುಕೊಳ್ಳಿ, ಮನೆಯಲ್ಲೂ ಐದು ಅಂತಲೇ ಹೇಳಿ.

ದುಡ್ಡಿಗೆ ಪೇಪರ್ ಹಾಕಿಸುವವರ ಹತ್ತಿರ ಹೋಗಲೇಬೇಡಿ. ಪ್ರಬಂಧ ಸಲ್ಲಿಸುವ ಮುಂಚೆ ಪ್ರಕಟಣೆ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ವಿಶ್ವವಿದ್ಯಾಲಯ ತನ್ನದೇ ನಿಯಮ ಇಡಬಹುದು, ಅದನ್ನು ನೋಂದಣಿಯ ದಿನವೇ ಓದಿಕೊಳ್ಳಿ. ಒಪ್ಪಿತ ಸಂಶೋಧನಾ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದರು, ಹಾಗಾಗಿ "ಕೇರ್ ಲಿಸ್ಟ್ ಗ್ಯಾರಂಟಿ" ಅನ್ನುವ ಮಾತಿಗೆ ಈಗ ಅರ್ಥವೇ ಇಲ್ಲ. ಬೇರೆಯವರು ಬರೆದದ್ದು ನಿಮ್ಮ ಹೆಸರಲ್ಲಿ ಬಂದರೆ ಅದು ನಿಮ್ಮ ಹೆಸರಲ್ಲೇ ವಾಪಸ್ ಆಗುತ್ತದೆ, ಹತ್ತು ವರ್ಷದ ಮೇಲಾದರೂ. ಕೃತಿಚೌರ್ಯದ ಬಗ್ಗೆ 2018ರ ನಿಯಮ ಇದೆ. ಹೋಲಿಕೆ ಶೇ 10 ದಾಟಿದರೆ ಪ್ರಶ್ನೆ ಶುರು, ಶೇ 60 ದಾಟಿದರೆ ನೋಂದಣಿಯೇ ರದ್ದು.

ಗೈಡ್ ಹುಡುಕುವಾಗ ಅವರ ಪೇಪರ್ ಸಂಖ್ಯೆ ನೋಡಬೇಡಿ. ಅವರ ಕೈಕೆಳಗೆ ಪಾರ್ಟ್ ಟೈಮ್ ಮಾಡಿ ಮುಗಿಸಿದವರಲ್ಲಿ ಇಬ್ಬರನ್ನು, ನಡುವೆ ಬಿಟ್ಟವರಲ್ಲಿ ಒಬ್ಬರನ್ನು ಮಾತಾಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ ಅಂತ ಕೇಳಿ. ಅವರ ಹತ್ತಿರ ಬರಿಗೈಲಿ ಹೋಗಬೇಡಿ. "ಸರ್, ಯಾವುದಾದರೂ ಟಾಪಿಕ್ ಕೊಡಿ" ಅಂದರೆ ಆ ಅಡೆತಡೆಗಳ ಪಟ್ಟಿಯೇ ನಿಮ್ಮ ಕೈಗೆ ಬರುತ್ತದೆ. ಒಂದೇ ಪುಟ ಬರೆದುಕೊಂಡು ಹೋಗಿ. ಎಲ್ಲಿ ನಿಂತು ನೋಡಿದೆ, ಏನು ಎಣಿಸಿದೆ, ಜನ ಹೇಳಿದ್ದಕ್ಕೂ ಎಣಿಕೆಗೂ ಎಲ್ಲಿ ತಾಳೆ ಆಗಲಿಲ್ಲ, ಅದು ಯಾಕೆ ಅಂತ ತಿಳಿಯಬೇಕು. ಇಷ್ಟೇ.

ಆ ಪುಟಕ್ಕೆ ಎರಡು ವಾರದ ಎಣಿಕೆ ಸಾಕು. ಕಾಲೇಜಿಗೆ ಹೋಗುವ ಮುಂಚೆ ಬೆಳಗ್ಗೆ ಒಂದು ಗಂಟೆ, ಒಂದು ಭಟ್ಟಿ, ಒಂದು ನೋಟ್‌ಬುಕ್. ಪರಿಚಯದವರ ಮೂಲಕ ಹೋಗಿ, ಮೊದಲ ದಿನ ಏನೂ ಬರೆಯಬೇಡಿ, ಸುಮ್ನೆ ನೋಡಿ ಬನ್ನಿ. ಮುಂಗಾರು ಬರುವ ಮೊದಲೇ ಶುರು ಮಾಡಿ. ಬಿಸಿಲಿನ ದಿನಗಳ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಮಳೆಯ ದಿನಗಳ ಲೆಕ್ಕವನ್ನು ಹೋಲಿಸಿ ನೋಡಲು ಏನೂ ಇರುವುದಿಲ್ಲ.